ಕಾಕಾ ಮತ್ತು ಬ್ಯಾಟರಿ ಸ್ವಿಚ್ಚು

2009ರ ದೀಪಾವಳಿ ರಜೆ ಮುಗಿದ ಸೋಮವಾರ. ಬೆಳಿಗ್ಗೆ ಆರಕ್ಕೇ ಕಾಕಾನ ಫೋನು: "ಸಾಹೇಬ್ರ, ಗಾಡಿ ಜೀವs ಹಿಡಿಯವಲ್ದರಿ."

ಪುಣೆಯ ಕಾತ್ರಜ್ ಕಡೆಯ ಒಂದು ಶಾಲೆಗೆ ನಾನು ಗುತ್ತಿಗೆಯ ಮೇಲೆ ಬಿಟ್ಟಿದ್ದ ಬಸ್ಸು ಅದು, 1997ರದ್ದು. ಓಡಿಸುವವರು ವಿಜಾಪುರದ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಮರಾಠಿ ಮಕ್ಕಳಿಗೂ ಕಾಕಾ, ಹುಬ್ಬಳ್ಳಿಯ ನನಗೂ ಕಾಕಾ. ಆವತ್ತು ಮಕ್ಕಳನ್ನು ರಿಕ್ಷಾಗಳಲ್ಲಿ ತುಂಬಿ ಕಳಿಸಿದ್ದಾಯಿತು. ಇನ್ನೊಮ್ಮೆ ಹೀಗಾದರೆ ಗುತ್ತಿಗೆ ಬೇರೆಯವರಿಗೆ ಎಂದರು ಶಾಲೆಯವರು. ನಾನು ಬಸ್ಸಿನ ಸಾಲ ತೀರಿಸುವುದು ಇನ್ನೂ ಎರಡು ವರ್ಷ ಬಾಕಿಯಿತ್ತು.

ಬ್ಯಾಟರಿಗಳನ್ನು ಚಾರ್ಜ್ ಮಾಡಿಸಿ ತಂದು, ಕೇಬಲ್ಲಿನ ನಡುವೆ ಮೀಟರ್ ಹಾಕಿ ನೋಡಿದೆ. ಎಲ್ಲ ಬಂದ್ ಇದ್ದರೂ 0.3 ಆಂಪಿಯರ್ ಹರಿಯುತ್ತಿತ್ತು. ಏನು ಮಹಾ ಅನ್ನಬಹುದು. ಆದರೆ ದಿನಕ್ಕೆ 24 ತಾಸು, 15 ದಿನದ ರಜೆ, ಗುಣಿಸಿದರೆ 108. ನಮ್ಮವು 120 ಆಂಪಿಯರ್-ಅವರಿನ ಎರಡು ಬ್ಯಾಟರಿ, ಒಂದರ ಬೆನ್ನಿಗೊಂದು ಜೋಡಿಸಿ 24 ವೋಲ್ಟ್. ಉಳಿಯುವುದೇನು? ಕಾಕಾ ಅಕ್ಕರೆಯಿಂದ ಕೂರಿಸಿದ್ದ ಗಡಿಯಾರ, ಟೇಪು, ಹನ್ನೆರಡು ವರ್ಷದ ಹಳೇ ವೈರಿಂಗು, ಎಲ್ಲವೂ ಸೇರಿ ಕುಡಿದಿದ್ದವು.

ನಮ್ಮಪ್ಪ ಹುಬ್ಬಳ್ಳಿಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ನಿಲ್ಲಿಸಿದ ಬಸ್ಸಿನ ಟರ್ಮಿನಲ್ ಬಿಚ್ಚಿ ಇಡುತ್ತಿದ್ದರು. "ಮೊದಲ ಮೈನಸ್ ಬಿಚ್ಚಬೇಕೋ" ಅನ್ನುತ್ತಿದ್ದರು. ಚಾಸಿಯೇ ಮೈನಸ್ ತಾನೆ. ಪ್ಲಸ್ ಬಿಚ್ಚುವಾಗ ಪಾನಾ ಚಾಸಿಗೆ ತಾಗಿತೋ, ಕಿಡಿಯ ಹಬ್ಬ. ಅಪ್ಪನ ಮಾತು ಕಾಕಾನಿಗೆ ಹೇಳಿದರೆ, "ದಿನಾ ಸಂಜೀಕ ಪಾನಾ ಹಿಡಕೊಂಡು ಬಗ್ಗಾಕ ನನ್ನ ಸೊಂಟ ಏನ್ ಅಪ್ಪಾರದ್ದೇನ್ರೀ?" ಅಂದರು. ಹಾಗಾಗಿ ಸ್ವಿಚ್ಚು.

ನಾನಾ ಪೇಟೆಯ ಅಂಗಡಿಯವನು ಕೆಂಪು ಕೀಲಿಯ ಪ್ಲಾಸ್ಟಿಕ್ ಸ್ವಿಚ್ ಮುಂದಿಟ್ಟ. ಅಗ್ಗ, ಚೆಂದ, ಕೀಲಿ ತೆಗೆದು ಕಿಸೆಗೆ ಹಾಕಿದರೆ ಕಳ್ಳನಿಗೂ ಬಸ್ಸು ಚಾಲೂ ಆಗದು. ಮೇಲೆ 500 ಆಂಪಿಯರ್ ಅಂತ ದಪ್ಪಕ್ಷರ. ಅದು ಐದು ಸೆಕೆಂಡಿಗೆ ಮಾತ್ರ, ಸತತವಾಗಿ 50 ಅಂತ ಕೆಳಗೆ ಸಣ್ಣದಾಗಿ ಬರೆದಿದ್ದನ್ನು ನಾನು ಓದಲಿಲ್ಲ. ಓದಿದ್ದರೂ ಅದನ್ನೇ ತರುತ್ತಿದ್ದೆನೇನೋ, ಆ ತಿಂಗಳ ಕೈ ಅಷ್ಟು ಬಿಗಿ.

ಡಿಸೆಂಬರಿನ ಒಂದು ಚಳಿ ಬೆಳಿಗ್ಗೆ ಎಂಜಿನ್ ಹಟ ಹಿಡಿಯಿತು. ಕಾಕಾ ಮತ್ತೆ ಮತ್ತೆ ಸೆಲ್ಫ್ ಹೊಡೆದರು. ಸ್ಟಾರ್ಟರ್ ಒಮ್ಮೆಲೇ ನೂರಾರು ಆಂಪಿಯರ್ ಎಳೆಯುತ್ತದೆ. ಒಳಗಿನ ಸಂಪರ್ಕ ಸ್ವಲ್ಪ ಸಡಿಲವಿದ್ದರೂ ಅಲ್ಲೇ ಕಾವು. ನಾನು ಹೋಗುವಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ, ಕೀಲಿ ಬಾಗಿ ಅಂಟಿಕೊಂಡಿತ್ತು. ಒಳಗೆ ಇನ್ನೂ ಮಕ್ಕಳಿರಲಿಲ್ಲ. ಬ್ಯಾಟರಿ ಪೆಟ್ಟಿಗೆಯ ಮೇಲಿನ ಸೀಟುಗಳಲ್ಲಿ ಕೂರುವವರು ಒಂದನೆಯ ಕ್ಲಾಸಿನವರು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅದೇ ಅಂಗಡಿಗೆ ಮತ್ತೆ ಹೋಗಿ ಮೂರು ಪಟ್ಟು ಬೆಲೆಯದನ್ನು ತಂದೆ. ಲೋಹದ ಮೈ, ದಪ್ಪ ಹಿತ್ತಾಳೆಯ ಬೋಲ್ಟು, ತಿರುಗಿಸಿದರೆ ಠಕ್ ಅಂತ ಕೂರುವಂಥದ್ದು. ಈ ಸಲ ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಮೊದಲು ಓದಿದೆ. ಕೇಬಲ್ಲಿನ ತುದಿಗಳನ್ನೂ ಹೊಸದಾಗಿ ಒತ್ತಿಸಿ, ಮೈನಸ್ ಕಡೆಯೇ ಕೂರಿಸಿದೆ.

ಕಾಕಾ ಮೊದಲ ಸಂಜೆಯೇ ಎಂಜಿನ್ ಓಡುತ್ತಿದ್ದಾಗಲೇ ತಿರುಗಿಸಿಬಿಟ್ಟರು. ಎಂಜಿನ್ ನಿಲ್ಲಲಿಲ್ಲ! "ಭೂತ ಹೊಕ್ಕೈತ್ರೀ" ಅಂದರು. ಭೂತವಲ್ಲ, ಹಳೇ ಡೀಸೆಲ್ ಎಂಜಿನ್ನು. ಅದರ ಪಂಪಿಗೆ ಕರೆಂಟು ಬೇಕಿಲ್ಲ, ಸ್ಟಾಪ್ ಕೇಬಲ್ ಎಳೆದರಷ್ಟೇ ನಿಲ್ಲುವುದು. ಆದರೆ ಓಡುವಾಗ ಬ್ಯಾಟರಿ ಕಡಿದರೆ ಆಲ್ಟರ್ನೇಟರ್ ವೋಲ್ಟೇಜು ಜಿಗಿದು ಅದರ ಡಯೋಡು ಸುಡಬಹುದು. ಅದೃಷ್ಟ, ಸುಡಲಿಲ್ಲ. ಸ್ವಿಚ್ಚಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದೆ: ಮೊದಲು ಎಂಜಿನ್, ಆಮೇಲೆ ಸ್ವಿಚ್. ಮರಾಠಿ ಕ್ಲೀನರ್ ಹುಡುಗ ದಿಟ್ಟಿಸಿ ನೋಡಿದ, ಅವನಿಗಾಗಿ ಕೆಳಗೆ ಮರಾಠಿಯಲ್ಲೂ.

2010ರ ಜೂನಿನಲ್ಲಿ, ಬೇಸಿಗೆ ರಜೆ ಕಳೆದು, ಬಸ್ಸು ಒಂದೇ ಹೊಡೆತಕ್ಕೆ ಎದ್ದಿತು. ಕಾಕಾ ಖುಷಿಪಟ್ಟಂತೆ ಕಾಣಲಿಲ್ಲ. ಅವರ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಆಮೇಲೂ ದಿನಾ ಬೆಳಿಗ್ಗೆ, ನನ್ನನ್ನು ಬೈಯುತ್ತಾ, ಕೈಗಡಿಯಾರ ನೋಡಿ ಅದನ್ನು ಸರಿ ಮಾಡುತ್ತಿದ್ದರು, ಐದು ನಿಮಿಷ ಮುಂದಕ್ಕೇ ಇಟ್ಟು.