ಹತ್ತು ದಿನದ ಸೇವಾಯಾತ್ರೆ

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೀಗ ಬಿದ್ದೊಡನೆ ಚರ್ಚುಗಳ ಅಂಗಳದಲ್ಲಿ ಮಕ್ಕಳ ಹಾಡು ಕೇಳತೊಡಗುತ್ತದೆ. ಅವರು ಅದನ್ನು ವಿ.ಬಿ.ಎಸ್. ಎನ್ನುತ್ತಾರೆ, ಎಂದರೆ ರಜಾಕಾಲದ ಬೈಬಲ್ ಶಾಲೆ. ವಾರವೋ ಹತ್ತು ದಿನವೋ ಅಭಿನಯಗೀತೆ, ಕಥೆ, ಆಟ, ಕೊನೆಯ ದಿನ ಬಹುಮಾನ. ಕಲಿಸುವವರಲ್ಲಿ ಬಹಳ ಮಂದಿ ಕಾಲೇಜು ಹುಡುಗ ಹುಡುಗಿಯರು. ಕೆಲವರು ತಂಡ ಕಟ್ಟಿಕೊಂಡು ದೂರದ ಹಳ್ಳಿಗಳಿಗೂ ಹೋಗುವುದುಂಟು. ನನ್ನ ಶಿಷ್ಯವರ್ಗದಲ್ಲಿ ಕ್ರೈಸ್ತರು ಕೆಲವರೇ. ಆದರೂ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ಈ ವರ್ಷ ನನ್ನ ಮನೆ ಬಾಗಿಲಿಗೂ ಬಂದದ್ದರಿಂದ ನಾಲ್ಕು ಮಾತು ಬರೆಯಬೇಕೆನಿಸಿತು.

ಮಿಷನ್ ಎಂದೊಡನೆ ಕನ್ನಡ ಮೇಷ್ಟರಾದ ನನಗೆ ನೆನಪಾಗುವುದು ಬಾಸೆಲ್ ಮಿಷನ್. 1836ರಲ್ಲಿ ಬಂದ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದಿಳಿದಾಗ ಕಿಟೆಲ್ ಅವರಿಗೆ ಇಪ್ಪತ್ತೊಂದು ವರ್ಷ. ಇಂದಿನ ಪದವಿ ವಿದ್ಯಾರ್ಥಿಯ ವಯಸ್ಸು. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಜನರ ಮಾತು ಕಲಿಯದೆ ಜನರಿಗೆ ಏನನ್ನೂ ಹೇಳಲಾಗದೆಂದು ಬಲ್ಲವರಾಗಿದ್ದರು. ಹತ್ತು ದಿನಕ್ಕೆ ಹೋಗುವವರನ್ನು ಅವರೊಡನೆ ತೂಗುವುದು ಅನ್ಯಾಯವೆಂದು ಒಪ್ಪುತ್ತೇನೆ. ಗಾಂಧಿ ಶತಮಾನೋತ್ಸವದ 1969ರಲ್ಲಿ ಆರಂಭವಾದ ಎನ್.ಎಸ್.ಎಸ್.ನ ವಿಶೇಷ ಶಿಬಿರವೂ ಏಳೇ ದಿನದ್ದು. ಆದರೆ ಅದರ ಹಿಂದುಮುಂದೆ ಎರಡು ವರ್ಷಗಳ 240 ಗಂಟೆಗಳ ಸೇವೆಯ ಲೆಕ್ಕವಿದೆ. (ಆ ಲೆಕ್ಕ ಎಲ್ಲ ಕಾಲೇಜುಗಳಲ್ಲೂ ದಾಖಲೆ ಪುಸ್ತಕದ ಹೊರಗೂ ಇರುತ್ತದೆಂದು ನಾನು ಪ್ರಮಾಣ ಮಾಡಲಾರೆ!)

ನಾನು ಪಾಠ ಹೇಳಿದ್ದು ಚನ್ನಗಿರಿ, ಹೊನ್ನಾಳಿ, ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿ, ಕಡೆಗೆ ಜಗಳೂರು ಸೀಮೆಯಲ್ಲಿ. ಅಡಿಕೆ ತೋಟಗಳನ್ನೂ ನಾಲೆಯ ಗದ್ದೆಗಳನ್ನೂ ಕಂಡ ಕಣ್ಣಿಗೆ ಜಗಳೂರಿನ ಬೆದ್ದಲು ಭೂಮಿ ಬೇರೆಯೇ ಲೋಕವಾಗಿ ಕಂಡಿತ್ತು. ಅಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ತಾಂಡಾದ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಲಂಬಾಣಿ. ದೀಪಾವಳಿ ಕಳೆಯುತ್ತಲೇ ಹಾಜರಿ ಪುಸ್ತಕದ ತುಂಬ ಗೈರು. ಮರಳಿ ಬಂದಾಗ ಕೇಳಿದರೆ “ಊರಿಗೆ ಹೋಗಿದ್ವಿ ಸಾರ್” ಎಂಬ ಒಂದೇ ಉತ್ತರ. ಆ ‘ಊರು’ ಚಿಕ್ಕಮಗಳೂರು ಕಡೆಯ ಕಾಫಿ ತೋಟವೆಂದೂ, ಅಪ್ಪ ಅಮ್ಮ ಹಣ್ಣು ಕೊಯ್ಯುವಾಗ ಲೈನ್ ಮನೆಯಲ್ಲಿ ಎಳೆಯ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಇವರು ಹೋಗುತ್ತಿದ್ದರೆಂದೂ ಮಕ್ಕಳು ತಾವಾಗಿ ಬಾಯಿಬಿಡಲು ಒಂದು ಶೈಕ್ಷಣಿಕ ವರ್ಷವೇ ಹಿಡಿಯಿತು.

ಒಂದು ಬೇಸಿಗೆಯಲ್ಲಿ ಆ ತಾಂಡಾಕ್ಕೆ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ಬಂದಿತು. ಒಳ್ಳೆಯ ಮಕ್ಕಳು, ಬಿಸಿಲಿನಲ್ಲಿ ಕೊಡ ಹಿಡಿದು ನೀರಿಗೆ ಸಾಲಿನಲ್ಲಿ ನಿಂತರು. ಊರಿಗೆ ಹೇಳಿದ್ದು ಮಾತ್ರ ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂದು. ಮೂರನೆಯ ದಿನ ಯೇಸುವಿನ ಕಥೆ ಬಂತು. ಸಂಜೆ ತಾಂಡಾದ ಹಿರಿಯರೊಬ್ಬರು ನನ್ನಲ್ಲಿಗೆ ಬಂದು, “ಕಥೆ ಹೇಳಿದ್ದಕ್ಕೆ ಬೇಜಾರಿಲ್ಲ ಮೇಷ್ಟ್ರೇ, ಮೊದಲೇ ಹೇಳಬಹುದಿತ್ತಲ್ಲ” ಎಂದರು. ನನಗೆ ಉತ್ತರ ತೋಚಲಿಲ್ಲ. ಹೊರಡುವ ದಿನ ತಂಡದವರು ಮುಂದಿನ ವರ್ಷವೂ ಬರುತ್ತೇವೆಂದರು. ಜೂನ್‌ನಲ್ಲಿ ಶಾಲೆ ತೆರೆದಾಗ ಮಕ್ಕಳು ಅದೇ ಹಾಡುಗಳನ್ನು ಹಾಡುತ್ತ “ಅಕ್ಕಾರು ಯಾವಾಗ ಬರ್ತಾರೆ ಸಾರ್?” ಎಂದು ಕೇಳುತ್ತಿದ್ದರು. ಮರುವರ್ಷ ಯಾರೂ ಬರಲಿಲ್ಲ. ಒಬ್ಬ ಹುಡುಗ ಮಾತ್ರ ಶಾಲೆಯ ವಿಳಾಸಕ್ಕೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದ, ಪ್ರತಿ ಸಲ ಬೇರೊಂದು ಮಗುವಿನ ಹೆಸರಿಗೆ. ಹೀಗೆ ಎರಡೂವರೆ ವರ್ಷ. ಅವಕ್ಕೆ ಉತ್ತರ ಬರೆಯುತ್ತಲೇ ನನ್ನ ತರಗತಿ ಪತ್ರಲೇಖನ ಕಲಿಯಿತು. ಧರ್ಮದ ಮಾತು ಆ ಕಾರ್ಡುಗಳಲ್ಲಿ ಇದ್ದುದು ಅಪರೂಪ. ಮಳೆ ಬಂತೇ, ತಮ್ಮನ ಜ್ವರ ಬಿಟ್ಟಿತೇ ಎಂಬ ವಿಚಾರಣೆಯೇ ಹೆಚ್ಚು.

ಈಗ ಬಾಗಿಲಿಗೆ ಬಂದ ಪ್ರಶ್ನೆ. ಹಳೆಯ ಶಿಷ್ಯನೊಬ್ಬನ ಮಗಳು, ದಾವಣಗೆರೆಯಲ್ಲಿ ಪದವಿ ಓದುತ್ತಿರುವವಳು, ತನ್ನ ಚರ್ಚಿನ ತಂಡದೊಡನೆ ಜಗಳೂರು ಕಡೆಗೆ ಹೊರಡುವ ಮನಸ್ಸು ಮಾಡಿದ್ದಳು. ಅಪ್ಪನಿಗೆ ಇಷ್ಟವಿಲ್ಲ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದ ಮೇಲೆ ಅವನಂಥವರ ಅಳುಕನ್ನು ಹಗುರಾಗಿ ಕಾಣಲಾಗದು. “ನೀವೇ ಹೇಳಿ ಸರ್” ಎಂದು ಇಬ್ಬರೂ ಕುಳಿತರು.

“ಏನವ್ವಾ, ಅಲ್ಲಿಯವರು ನಿಮ್ಮನ್ನು ಕರೆದಿದ್ದಾರಾ? ಯಾತಕ್ಕೆ ಬಂದೆವೆಂದು ಮೊದಲ ದಿನವೇ ತಂದೆತಾಯಿಗಳ ಎದುರು ಹೇಳುತ್ತೀರಾ? ನೀವು ಮರಳಿದ ಮೇಲೆ ಆ ಮಕ್ಕಳನ್ನು ವಿಚಾರಿಸುವವರು ಯಾರು?” ಎಂದು ಕೇಳಿದೆ. ಅಲ್ಲಿನ ಸಣ್ಣ ಸಭೆಯವರೇ ಕರೆದಿದ್ದರು. ಎರಡನೆಯದನ್ನು ತಂಡದ ಹಿರಿಯರಿಂದ ಒಪ್ಪಿಸಿಕೊಂಡು ಬಂದಳು. ಮೂರನೆಯದಕ್ಕೆ “ನಾನೇ” ಎಂದಳು. ಹಾಗಾದರೆ ಹೋಗಿ ಬಾ ಎಂದೆ. ಹೊರಡುವ ಮುನ್ನ ಲಂಬಾಣಿಯ ಹತ್ತಾದರೂ ವಾಕ್ಯ ಕಲಿ ಎಂದೆ. ಅಪ್ಪನೇ ಬಸ್ ಹತ್ತಿಸಿ ಬಂದ.

ಮೊನ್ನೆ ತನ್ನ ನೋಟ್‌ಬುಕ್ ತೋರಿಸಿದಳು. ಹದಿನೇಳು ಮಕ್ಕಳ ಹೆಸರು. ದೀಪಾವಳಿಯ ನಂತರ ತೋಟಕ್ಕೆ ಹೋಗುವವರ ಮುಂದೆ ಚುಕ್ಕಿ. ಹನ್ನೊಂದು ಚುಕ್ಕಿಗಳಿದ್ದವು. ಕಾರ್ಡಿನ ಕಾಲ ಕಳೆಯಿತು. ಲೈನ್ ಮನೆಗಳಲ್ಲಿ ಯಾರ ಅಪ್ಪನ ಫೋನಿಗೆ ಸಿಗ್ನಲ್ ಸಿಗುತ್ತದೆಂದು ಈಗ ವಿಚಾರಿಸುತ್ತಿದ್ದಾಳೆ.