ಮೂರನೆಯ ಅಂಕಿ

ಪೈಥಾನ್ ಭಾಷೆಯ ಪ್ರತಿ ಬಿಡುಗಡೆಗೂ ಮೂರು ಅಂಕಿಗಳ ಗುರುತು. 3.11.4 ಎಂದಿದ್ದರೆ ಮೊದಲನೆಯದು ಭಾಷೆಯ ತಲೆಮಾರು, ಎರಡನೆಯದು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ, ಮೂರನೆಯದು ಆ ಆವೃತ್ತಿಯ ದುರಸ್ತಿ. ಸುದ್ದಿಯಾಗುವುದು ಎರಡನೆಯ ಅಂಕಿ. ಕೂತು ಸವಿಯುವಂಥದ್ದು ಮೂರನೆಯದು. ಸುಮಾರು ಎರಡು ತಿಂಗಳಿಗೊಮ್ಮೆ ಅದು ಏರುತ್ತದೆ. ಅದರಲ್ಲಿ ಹೊಸ ಸೌಲಭ್ಯ ಇರಕೂಡದು, ನಿನ್ನೆ ಓಡಿದ ಪ್ರೋಗ್ರಾಂ ಇಂದು ನಿಲ್ಲಕೂಡದು, ತಪ್ಪಷ್ಟೇ ಹೋಗಬೇಕು. ಸುರಪುರ, ಕೊಡೇಕಲ್ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ, ಸೋರುವ ಜಾಗ ಹುಡುಕಿ, ಮಣ್ಣು ಹಾಕಿ ಬಡಿಯುವ ಕೆಲಸದ ಜಾತಿ ಇದು. ಮನೆಗೆ ಒಂದು ಅಂಕಣವೂ ಹೆಚ್ಚುವುದಿಲ್ಲ, ಸೋರುವುದು ನಿಲ್ಲುತ್ತದೆ.

ಬಿಡುಗಡೆಯ ಜೊತೆಗೆ ಬದಲಾವಣೆಗಳ ಪಟ್ಟಿ ಬರುತ್ತದೆ. ಒಂದೊಂದು ತಿದ್ದುಪಡಿಗೆ ಒಂದೆರಡು ಸಾಲು, ಸಾಲಿಗೊಂದು ದೂರಿನ ಸಂಖ್ಯೆ, ಬಹಳ ಕಡೆ ತಿದ್ದಿದವರ ಹೆಸರು. ಇಲ್ಲಿ ಮೆಮೊರಿ ಸೋರುತ್ತಿತ್ತು, ಅಲ್ಲಿ ದಿನಾಂಕದ ಲೆಕ್ಕ ತಪ್ಪುತ್ತಿತ್ತು ಎಂಬಷ್ಟೇ ಮಾತು. ಸಂಖ್ಯೆ ಹಿಡಿದು ಹಿಂದಕ್ಕೆ ಹೋದರೆ ದೂರು ಕೊಟ್ಟವರು, ಒಪ್ಪದವರು, ಕಡೆಗೆ ಕಾರಣ ಕಂಡುಹಿಡಿದವರು ಎಲ್ಲರೂ ಸಿಗುತ್ತಾರೆ. ಈ ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಓದುವುದರಷ್ಟು ಹಿತವಾದ ಓದು ಗಣಕಲೋಕದಲ್ಲಿ ಕಡಿಮೆ.

ಚಿಕ್ಕ ತಿದ್ದುಪಡಿ ಎಷ್ಟು ನಾಜೂಕಿನದು ಎಂಬುದಕ್ಕೆ 3.9.3 ಒಳ್ಳೆಯ ಸಾಕ್ಷಿ. ಅದು ಬಂದದ್ದು 2021ರ ಏಪ್ರಿಲ್ 2ರಂದು. ಒಂದು ಫಂಕ್ಷನ್ ತನ್ನನ್ನು ತಾನೇ ಕರೆಯುತ್ತ ಹೋಗಿ ಮಿತಿಯ ಅಂಚು ಮುಟ್ಟಿದಾಗ ಏಳುವ ದೋಷಗಳನ್ನು ಸರಿಯಾಗಿ ನಿಭಾಯಿಸಲು ಅದರಲ್ಲಿ ಒಂದು ಸುಧಾರಣೆ ಸೇರಿತ್ತು. ಸುಧಾರಣೆ ಸರಿಯೇ ಇತ್ತು. ಆದರೆ ಅದಕ್ಕಾಗಿ ಭಾಷೆಯ ಒಳಗಿನ ಒಂದು ರಚನೆಯ ಅಳತೆ ಬದಲಾಗಿತ್ತು. 3.9ರ ಮೊದಲ ಬಿಡುಗಡೆಗಳ ಅಳತೆಗೆ ಕಂಪೈಲ್ ಆಗಿದ್ದ ಲೈಬ್ರರಿಗಳು 32 ಬಿಟ್ ಯಂತ್ರಗಳಲ್ಲಿ ಇದರೊಂದಿಗೆ ಹೊಂದದೆ ಹೋದವು. ಎರಡೇ ದಿನಕ್ಕೆ, ಏಪ್ರಿಲ್ 4ರಂದು, ಆ ಸುಧಾರಣೆಯನ್ನೇ ಹಿಂತೆಗೆದು 3.9.4 ಹೊರಟಿತು. ಒಳ್ಳೆಯ ಬದಲಾವಣೆಯಾದರೂ ಕೊಟ್ಟ ಮಾತಿಗೆ ತಪ್ಪುವುದಾದರೆ ಅದಕ್ಕೆ ಇಲ್ಲಿ ಜಾಗವಿಲ್ಲ.

ಈ ಶಿಸ್ತನ್ನು ತಿಳಿದೇ ಸಡಿಲಿಸಿದ ಸಂದರ್ಭವೂ ಇದೆ. ಬಲು ಉದ್ದನೆಯ ಅಂಕಿಸಾಲನ್ನು ಸಂಖ್ಯೆಯಾಗಿಸಲು ಬೇಕಾಗುವ ಸಮಯ ಅದರ ಉದ್ದದ ವರ್ಗದಂತೆ ಬೆಳೆಯುತ್ತಿತ್ತು. ಯಾರಾದರೂ ಬೇಕೆಂದೇ ಲಕ್ಷಾಂತರ ಅಂಕಿ ಕಳಿಸಿ ಸರ್ವರನ್ನು ಸುಸ್ತು ಮಾಡಬಹುದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬಂದ 3.10.7 ಇದಕ್ಕೆ 4300 ಅಂಕಿಗಳ ಮಿತಿ ಹಾಕಿತು. ಅಗತ್ಯವಿದ್ದವರು ಮಿತಿಯನ್ನು ಏರಿಸಿಕೊಳ್ಳಬಹುದು. ಭದ್ರತೆಯ ಪ್ರಶ್ನೆ ಬಂದಾಗ ಮಾತ್ರ ಇಂಥ ವಿನಾಯಿತಿ. ಈ ಮಿತಿ ಕನ್ನಡಕ್ಕೂ ತಾಗುತ್ತದೆ. ಪೈಥಾನಿನ ‘ಇಂಟ್’ ಫಂಕ್ಷನ್ ೧೨೩ ಎಂದು ಕನ್ನಡ ಅಂಕಿಗಳಲ್ಲಿ ಬರೆದು ಕೊಟ್ಟರೂ ಅದನ್ನು ನೂರಿಪ್ಪತ್ತಮೂರು ಎಂದೇ ಓದುತ್ತದೆ. ಎಷ್ಟೋ ಕನ್ನಡಿಗ ಪ್ರೋಗ್ರಾಮರುಗಳ ಗಮನಕ್ಕೆ ಬಾರದ ಸೊಗಸು ಅದು.

ಮೂರನೆಯ ಅಂಕಿ ಮುಟ್ಟದೆ ಬಿಡುವ ಜಾಗಗಳಲ್ಲಿ ಯೂನಿಕೋಡ್ ಕೋಷ್ಟಕ ಮುಖ್ಯವಾದುದು. ಸ್ವರವಿಲ್ಲದ ನಕಾರಕ್ಕೆ ಹಳಗನ್ನಡ ಬಳಸುತ್ತಿದ್ದ ನಕಾರ ಪೊಲ್ಲು ‘ೝ’ 2021ರ ಯೂನಿಕೋಡ್ 14ರಲ್ಲಿ ಸೇರಿತು. ಪೈಥಾನ್ 3.10ರ ಒಳಗಿರುವುದು ಯೂನಿಕೋಡ್ 13. ಹೀಗಾಗಿ 3.10ಕ್ಕೆ ಎಷ್ಟು ದುರಸ್ತಿ ಬಂದರೂ ಆ ಅಕ್ಷರದ ಹೆಸರು ಅದಕ್ಕೆ ತಿಳಿಯದು, 3.11ಕ್ಕೆ ಮೊದಲ ದಿನದಿಂದಲೇ ತಿಳಿದಿದೆ. ಹಳಗನ್ನಡದ ‘ೞ’ ಅಕ್ಷರದ ಕಥೆ ಇನ್ನೂ ಸ್ವಾರಸ್ಯದ್ದು. ಯೂನಿಕೋಡ್ ಅದಕ್ಕೆ ‘ಕನ್ನಡ ಲೆಟರ್ ಎಫ್‌ಎ’ ಎಂಬ ತಪ್ಪು ಹೆಸರಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅದರ ಕಟ್ಟಳೆ. ಆದ್ದರಿಂದ ತಪ್ಪು ಹೆಸರು ಹಾಗೇ ಉಳಿದು, ಪಕ್ಕದಲ್ಲಿ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಅಡ್ಡಹೆಸರು ಬಂತು. 2012ರ ಪೈಥಾನ್ 3.3ರಿಂದ ಈ ಅಡ್ಡಹೆಸರು ಹಿಡಿದು ಹುಡುಕಿದರೂ ‘ೞ’ ಸಿಗುತ್ತದೆ. ಅಕ್ಷರದ ಹೆಸರೇನೆಂದು ಕೇಳಿದರೆ ಮಾತ್ರ ಹಳೆಯ ತಪ್ಪೇ ಉತ್ತರ.

ದುರಸ್ತಿಯ ಎಲ್ಲೆ ಅರಿಯಲು ‘ಕೊಡೇಕಲ್’ ಎಂಬ ಹೆಸರನ್ನೇ ಪರೀಕ್ಷೆಗೆ ಇಡಬಹುದು. 16ನೆಯ ಶತಮಾನದ ಕೊಡೇಕಲ್ ಬಸವಣ್ಣನ ಪರಂಪರೆ ಅಮರಗನ್ನಡವೆಂಬ ಗೂಢಲಿಪಿಗೆ ಹೆಸರಾದದ್ದು. ಊರಿನ ಹೆಸರು ಗಣಕಕ್ಕೂ ಒಂದು ಒಗಟೇ. ಓದುವವರಿಗೆ ಅದು ಕೊ, ಡೇ, ಕ, ಲ್ ಎಂಬ ನಾಲ್ಕು ಅಕ್ಷರ. ಪೈಥಾನ್ ಎಣಿಸಿದರೆ ಏಳು, ಏಕೆಂದರೆ ಒತ್ವ, ಏತ್ವ, ಹಲಂತದ ಗುರುತುಗಳಿಗೆ ಬೇರೆ ಬೇರೆ ಲೆಕ್ಕ. ಒತ್ವವನ್ನು ‘ೆ’ ಮತ್ತು ‘ೂ’ ಎಂದೂ ಏತ್ವವನ್ನು ‘ೆ’ ಮತ್ತು ‘ೕ’ ಎಂದೂ ಬಿಡಿಸಿ ಬರೆದರೆ ಒಂಬತ್ತು. ತೆರೆಯ ಮೇಲೆ ಎರಡೂ ಒಂದೇ ರೂಪ. ಹೋಲಿಸಿ ನೋಡಿದರೆ ಬೇರೆ ಬೇರೆ. ಮೊದಲು ಎರಡನ್ನೂ ಒಂದೇ ಬಗೆಗೆ ತಂದುಕೊಂಡರಷ್ಟೇ ಹೋಲಿಕೆ ಸರಿಯಾಗುತ್ತದೆ.

ಪದಗಳನ್ನು ಹೆಕ್ಕುವಾಗ ತೊಡಕು ಹೆಚ್ಚು. ಪೈಥಾನಿನ ಸ್ವಂತ ವಿನ್ಯಾಸ-ಹುಡುಕಾಟ ಲೈಬ್ರರಿ ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ. ಅದರ ಕೈಯಲ್ಲಿ ಕೊಡೇಕಲ್ ‘ಕ’, ‘ಡ’, ‘ಕಲ’ ಎಂದು ಮೂರು ತುಂಡಾಗುತ್ತದೆ. ಕನ್ನಡ, ಹಿಂದಿ, ತಮಿಳು ಎಲ್ಲಕ್ಕೂ ಇದೇ ಪಾಡು. 2011ರಲ್ಲೇ ಇದರ ದೂರು ದಾಖಲಾಗಿದೆ. ಆದರೆ ಪದವೆಂದರೇನು ಎಂಬ ವ್ಯಾಖ್ಯೆಯನ್ನೇ ಬದಲಿಸುವುದು ಮಾಳಿಗೆಗೆ ಮಣ್ಣು ಹಾಕುವ ಕೆಲಸವಲ್ಲ, ಗೋಡೆ ಕಿತ್ತು ಕಟ್ಟುವ ಕೆಲಸ; ಈಗಿನ ವರ್ತನೆಯನ್ನೇ ನಂಬಿ ಬರೆದ ಪ್ರೋಗ್ರಾಂಗಳು ಅದರಿಂದ ಅಲುಗುತ್ತವೆ. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಸದ್ಯದ ದಾರಿಯೆಂದರೆ ಹೊರಗಿನಿಂದ ಸೇರಿಸಿಕೊಳ್ಳುವ ‘ರೆಜೆಕ್ಸ್’ ಲೈಬ್ರರಿ. ಅದು ಊರಿನ ಹೆಸರನ್ನು ಇಡಿಯಾಗಿ ಹಿಡಿಯುತ್ತದೆ.

ದುರಸ್ತಿಗೂ ಅವಧಿಯುಂಟು. ಒಂದು ಆವೃತ್ತಿಗೆ ಮೊದಲ ಒಂದೂವರೆ ವರ್ಷ, 3.13ರಿಂದ ಈಚೆಗೆ ಎರಡು ವರ್ಷ, ಎಲ್ಲ ಬಗೆಯ ತಿದ್ದುಪಡಿ. ಆಮೇಲೆ ಐದು ವರ್ಷ ತುಂಬುವವರೆಗೆ ಭದ್ರತೆಯದು ಮಾತ್ರ. ದೀರ್ಘಾಯುಸ್ಸು ಪಡೆದದ್ದು 2.7. ಅದು 2010ರ ಜುಲೈಯಲ್ಲಿ ಹುಟ್ಟಿತು. ಮೂರನೆಯ ಅಂಕಿ ಒಂದೊಂದಾಗಿ ಏರಿ, 2020ರ ಏಪ್ರಿಲ್ 20ರಂದು 2.7.18 ಆಗಿ ನಿಂತಿತು. ಆ ತಲೆಮಾರಿನಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟುಗಳ ಸಾಲು. ಯೂನಿಕೋಡ್ ಪಠ್ಯವೆಂದು ಗುರುತು ಹಾಕದೆ ಯುಟಿಎಫ್-8ರಲ್ಲಿ ಬರೆದ ‘ಕೊಡೇಕಲ್’ ಅದರ ಲೆಕ್ಕಕ್ಕೆ 21. ಹತ್ತು ವರ್ಷಗಳ ಹದಿನೆಂಟು ದುರಸ್ತಿಗಳಾದ ಮೇಲೂ ಆ ಲೆಕ್ಕ 21ರಲ್ಲೇ ಇತ್ತು. ಅದನ್ನು ಏಳಕ್ಕೆ ಇಳಿಸಿದ್ದು ಮೊದಲನೆಯ ಅಂಕಿ.