ಸೂರ್ಯೋದಯಕ್ಕೆ ಕಾಯದ ಔಷಧ

ಅನಂತ ಚತುರ್ದಶಿಯ ಉಪವಾಸದಲ್ಲಿದ್ದ ಹಿರಿಯ ಶ್ರಾವಕರೊಬ್ಬರಿಗೆ ರಾತ್ರಿ ಎರಡು ಗಂಟೆಗೆ ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ಮೈ ಬೆವರಿತು, ನೋವು ಎಡತೋಳಿಗೂ ದವಡೆಗೂ ಹಬ್ಬಿತು. ಹಸಿದ ಹೊಟ್ಟೆಯ ವಾಯು ಎಂದರು ಅವರು. ಬಳಿಯಲ್ಲಿದ್ದ ತಮ್ಮನವರೂ ಅದನ್ನೇ ನಂಬಿದರು. ಆಸ್ಪತ್ರೆಗೆ ಹೋದರೆ ಗುಳಿಗೆ, ನೀರು, ವ್ರತಭಂಗವಾದೀತೆಂಬ ಅಂಜಿಕೆ. "ಅಣ್ಣ, ಸೂರ್ಯೋದಯವಾಗಲಿ, ಪಾರಣೆ ಮುಗಿಸಿ ಹೋಗೋಣ" ಎಂದು ಣಮೋಕಾರ ಮಂತ್ರವನ್ನು ಪಠಿಸುತ್ತ ಕುಳಿತರು. ಬೆಳಗಾಗುವ ಮೊದಲೇ ಅಣ್ಣ ತೀರಿಕೊಂಡರು.

ಊರವರು ಅದನ್ನು ಪುಣ್ಯಮರಣವೆಂದು ಕೊಂಡಾಡಿದರು. ತಮ್ಮನವರಿಗೆ ಆ ಹೊಗಳಿಕೆ ಮುಳ್ಳಾಯಿತು. ರತ್ನಕರಂಡಕ ಶ್ರಾವಕಾಚಾರವನ್ನು ತೆರೆದು ನೋಡಿದರು. ಸಮಂತಭದ್ರಾಚಾರ್ಯರು ಸಲ್ಲೇಖನೆಗೆ ಹೇಳಿದ ಸಂದರ್ಭಗಳಲ್ಲಿ ರೋಗವೂ ಒಂದು. ಆದರೆ ಅದು ಪ್ರತೀಕಾರವಿಲ್ಲದ ರೋಗವಾಗಿರಬೇಕು. ಹೃದಯಾಘಾತಕ್ಕೆ ಪ್ರತೀಕಾರವಿದೆ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಬೇಗನೆ ಕರಗಿಸಿದರೆ, ಇಲ್ಲವೇ ನಾಳವನ್ನು ತೆರೆದರೆ, ಹೃದಯದ ಸ್ನಾಯು ಉಳಿಯುತ್ತದೆ. ತಡವಾದಷ್ಟೂ ಅದು ಸಾಯುತ್ತ ಹೋಗುತ್ತದೆ. ಅಣ್ಣನವರು ಸಲ್ಲೇಖನೆಯನ್ನು ಸ್ವೀಕರಿಸಿರಲಿಲ್ಲ. ಕೈಗೊಂಡದ್ದು ಒಂದು ದಿನದ ಉಪವಾಸ. ವ್ರತಲೋಪಕ್ಕೆ ಪ್ರಾಯಶ್ಚಿತ್ತವುಂಟು, ಕಳೆದುಹೋದ ಆ ಗಂಟೆಗಳಿಗೆ ಇಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ಬಾಲ್ಯದಿಂದ ಕೇಳಿದ್ದವರಿಗೆ, ಆ ರಾತ್ರಿಯ ತಮ್ಮ ತಾಳ್ಮೆ ಭಕ್ತಿಯೋ ಪ್ರಮಾದವೋ ಎಂಬ ಪ್ರಶ್ನೆ ಬಿಡಲಿಲ್ಲ.

ಮರುವರ್ಷ ಪರ್ವಕ್ಕೆ ಮುನ್ನ ಬಸದಿಯ ಟ್ರಸ್ಟಿನ ಸಭೆಯಲ್ಲಿ ಎದ್ದುನಿಂತು ತಮ್ಮ ತಪ್ಪನ್ನು ಮುಚ್ಚಿಡದೆ ಹೇಳಿದರು. ಪ್ರವಚನ ಮಂದಿರದ ಗೋಡೆಗೆ ಒಂದು ಫಲಕ ಬಂದಿತು. ಎದೆನೋವು ಬಂದವರನ್ನು ನಡೆಸಬಾರದು. ಒರಗಿಸಿ ಕೂರಿಸಿ ಉಡುಪು ಸಡಿಲಿಸಬೇಕು. ತಕ್ಷಣ 108ಕ್ಕೆ ಕರೆ ಮಾಡಬೇಕು. ಎಚ್ಚರವಿದ್ದು, ಆಸ್ಪಿರಿನ್ ಒಗ್ಗದವರಲ್ಲದಿದ್ದರೆ, ರಕ್ತಸ್ರಾವದ ತೊಂದರೆಯಿಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬೇಕು. ಪ್ರಜ್ಞೆ ತಪ್ಪಿ ಸಹಜ ಉಸಿರಾಟ ನಿಂತರೆ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನೆರವು ಬರುವವರೆಗೂ ಒತ್ತುತ್ತಿರಬೇಕು. ಸ್ತ್ರೀಯರಲ್ಲೂ ಮಧುಮೇಹಿಗಳಲ್ಲೂ ನೋವಿಲ್ಲದೆ ಏದುಸಿರು, ವಾಕರಿಕೆ, ಸುಸ್ತು ಮಾತ್ರ ಕಾಣಬಹುದು.

"ಬಸದಿಯಲ್ಲಿ ರಾತ್ರಿ ಗುಳಿಗೆ ನುಂಗಿರೆಂದು ಬರೆಸುವುದೇ?" ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. "ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದಲ್ಲವೇ? ಅದಕ್ಕೆ ಹಗಲನ್ನೇ ಕಾಯಬೇಕೆಂದು ನಾನೊಬ್ಬ ನಂಬಿದೆ. ಇನ್ನೊಬ್ಬರು ನಂಬುವುದು ಬೇಡ" ಎಂದರು ಅವರು. ಸಭೆ ಮೌನವಾಯಿತು, ಫಲಕ ಉಳಿಯಿತು.

ಆ ಚತುರ್ದಶಿಯಂದು ಅವರು ಈಗಲೂ ಉಪವಾಸವಿರುತ್ತಾರೆ. ಪ್ರತಿಜ್ಞೆ ಮಾಡುವಾಗಲೇ, ಪ್ರಾಣಾಪಾಯದಲ್ಲಿ ಔಷಧವನ್ನು ಹೊರತುಪಡಿಸಿ ಎಂಬ ಮಾತನ್ನು ಸೇರಿಸುತ್ತಾರೆ. ಮನೆಯವರಿಗೂ ಅದನ್ನು ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ.